ಮಂಡಿ ಆಪರೇಷನ್ ಆಯ್ತು, ಕಾಲು ಯಾಕೆ ಇನ್ನೂ ಮಾತು ಕೇಳ್ತಿಲ್ಲ?

"ಹೊಲಿಗೆ ಬಿಚ್ಚಿ ತಿಂಗಳಾಯ್ತು, ಇನ್ನೂ ಕುಂಟುತ್ತಲೇ ಇದ್ದೀನಿ. ಆಪರೇಷನ್ ಏನಾದರೂ ಕೆಟ್ಟಿತಾ?" ಫಿಸಿಯೋಥೆರಪಿಗೆ ಬರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವಾಗ ಕೆಲವರ ಗಂಟಲು ಕಟ್ಟಿರುತ್ತದೆ. ಬಹಳಷ್ಟು ಸಲ ಆಪರೇಷನ್ ಸರಿಯಾಗಿಯೇ ಆಗಿರುತ್ತದೆ. ಮಂಡಿ ವಾಸಿಯಾಗುವ ವೇಗವೇ ಅಷ್ಟು. ಇದನ್ನು ಮೊದಲೇ ಯಾರೂ ಬಿಡಿಸಿ ಹೇಳಿರುವುದಿಲ್ಲ, ಅರ್ಧ ಬೇಸರ ಅದರಿಂದಲೇ.

ಶುರುವಿನಲ್ಲಿ ಮಾಡಿಸುವ ವ್ಯಾಯಾಮ ತುಂಬಾ ಸಣ್ಣದು. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಅದುಮಿ ಅನ್ನುತ್ತೇನೆ. ಅವರು ಹಲ್ಲು ಕಚ್ಚಿ ಒತ್ತುತ್ತಾರೆ. ಸೊಂಟ ಬಿಗಿಯುತ್ತದೆ, ಪಾದ ಅಲ್ಲಾಡುತ್ತದೆ, ತೊಡೆ ಮಾತ್ರ ಮೆತ್ತಗೆ ಹಾಗೇ ಬಿದ್ದಿರುತ್ತದೆ. ಇದಕ್ಕೆ ಸೋಮಾರಿತನ ಕಾರಣ ಅಲ್ಲವೇ ಅಲ್ಲ. ಮಂಡಿಯೊಳಗೆ ನೀರು ತುಂಬಿ ಊದಿಕೊಂಡಾಗ ಅಲ್ಲಿನ ನರಗಳಿಂದ ಬೆನ್ನುಹುರಿಗೆ ಸಂದೇಶ ಹೋಗುತ್ತದೆ. ತೊಡೆಯ ಮುಂಭಾಗದ ಸ್ನಾಯುವಿಗೆ ಬರಬೇಕಾದ ಆಜ್ಞೆ ಅಲ್ಲೇ ತಗ್ಗಿಬಿಡುತ್ತದೆ. ಎಷ್ಟೇ ಮನಸ್ಸು ಮಾಡಿದರೂ ಪೂರ್ತಿ ಬಲ ಬರುವುದಿಲ್ಲ. ಮಂಡಿಕೀಲು ಬದಲಿಸಿಕೊಂಡವರಲ್ಲಿ ಮೊದಲ ತಿಂಗಳು ಈ ಸ್ನಾಯುವಿನ ಬಲ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಇಳಿದಿರುತ್ತದೆ. ಮೆಟ್ಟಿಲಲ್ಲಿ ಕಾಲು ಕೈಕೊಡುವುದು ಇದರಿಂದಲೇ.

ಹಾಗಾಗಿ ಊತ ಇಳಿಸುವುದು ವ್ಯಾಯಾಮದಷ್ಟೇ ಮುಖ್ಯ. ಇವತ್ತು ಚೆನ್ನಾಗಿದೆ ಅಂತ ಜೋರಾಗಿ ನಡೆದುಬಿಡುತ್ತಾರೆ, ನಾಳೆ ಮಂಡಿ ಮತ್ತೆ ದಪ್ಪಗಾಗುತ್ತದೆ, ತೊಡೆ ಮತ್ತೆ ಸುಮ್ಮನಾಗುತ್ತದೆ. ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಮಂಡಿ ಹೇಗಿದೆ ನೋಡಿ. ಊತ ಹೆಚ್ಚಿದ್ದರೆ ಆವತ್ತು ಕಡಿಮೆ ಮಾಡಿ. ಪೂರ್ತಿ ನಿಲ್ಲಿಸಬೇಡಿ.

ಇನ್ನೊಂದು, ಎಲ್ಲರೂ ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಅಂತಲೇ ಲೆಕ್ಕ ಹಾಕುತ್ತಾರೆ. ಪಕ್ಕದವರಿಗೆ 120 ಬಂತಂತೆ, ನನಗೆ 95 ಅಂತ ಕೊರಗುತ್ತಾರೆ. ಮಡಚುವುದು ಬೇಕು, ನಿಜ. ಆದರೆ ಕುಂಟದೆ ನಡೆಯಲು ಮಂಡಿ ನೆಟ್ಟಗಾಗಬೇಕು. ಹಾಯೆನಿಸುತ್ತದೆ ಅಂತ ಮಂಡಿ ಕೆಳಗೆ ದಿಂಬಿಟ್ಟು ಮಲಗುವವರಲ್ಲಿ ಕಾಲು ಹಾಗೇ ಬಾಗಿ ಬಿಗಿದುಬಿಡುತ್ತದೆ. ದಿಂಬು ಹಿಮ್ಮಡಿ ಕೆಳಗಿರಲಿ, ಮಂಡಿ ತಾನಾಗಿ ಕೆಳಗಿಳಿಯಲಿ. ಬಿಟ್ಟಿ ಸಿಗುವ ವ್ಯಾಯಾಮ, ಆದರೂ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಲಿಗಮೆಂಟ್ (ಕೀಲಿನ ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದು ಆಪರೇಷನ್ ಆದ ಹುಡುಗ ಹುಡುಗಿಯರ ಕಥೆ ಬೇರೆ. ಅವರಿಗೆ ಮೂರನೇ ತಿಂಗಳಿಗೇ ನೋವಿರುವುದಿಲ್ಲ, ಮೈದಾನಕ್ಕೆ ಇಳಿಯುವ ಆಸೆ. ಒಳಗೆ ಕೂರಿಸಿದ ಹೊಸ ಎಳೆ ಮೊದಲ ತಿಂಗಳುಗಳಲ್ಲಿ ದುರ್ಬಲವಾಗಿ, ಆಮೇಲೆ ನಿಧಾನವಾಗಿ ಗಟ್ಟಿಯಾಗುತ್ತದೆ. 9 ತಿಂಗಳಿಗೆ ಮೊದಲೇ ಆಟಕ್ಕೆ ಮರಳಿದವರಲ್ಲಿ ಮತ್ತೆ ಪೆಟ್ಟಾಗುವ ಸಾಧ್ಯತೆ ಹೆಚ್ಚು. ಇನ್ನೂ ಕಾಯಿರಿ ಅಂತ ಆ ಮುಖಗಳಿಗೆ ಹೇಳುವುದು ನನಗೂ ಕಷ್ಟವೇ.

ಮಂಡಿ ಬೆಚ್ಚಗಿರುವುದು, ಸಂಜೆ ಊದುವುದು, ಗಾಯದ ಹೊರಬದಿ ಜೋಮು ಹಿಡಿದಂತಿರುವುದು ತಿಂಗಳುಗಟ್ಟಲೆ ಇರಬಹುದು. ಕೀಲು ಬದಲಿಸಿದ ಮೇಲೆ ಸುಧಾರಣೆ ಒಂದು ವರ್ಷದವರೆಗೂ ನಡೆಯುತ್ತದೆ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬೇಡಿ. ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ನೋವಿನ ಜೊತೆ ಊತ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಎದೆನೋವು, ಉಸಿರಾಟದ ತೊಂದರೆ ಆದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ವಾರಗಟ್ಟಲೆ ಮಂಡಿ ಒಂದಿಷ್ಟೂ ಜಾಸ್ತಿ ಮಡಚದಿದ್ದರೂ ಆಪರೇಷನ್ ಮಾಡಿದವರನ್ನು ಬೇಗ ಕಾಣಿ. ಅರಿವಳಿಕೆ ಕೊಟ್ಟು, ಬಿಗಿದ ಮಂಡಿಯನ್ನು ಡಾಕ್ಟರೇ ಮಡಚಿ ಬಿಡಿಸುವುದು ಮೊದಲ ಮೂರು ತಿಂಗಳೊಳಗಾದರೆ ಸಾಮಾನ್ಯವಾಗಿ ಸುಲಭ, ಆಮೇಲೆ ಬಿಗಿದ ಕೀಲು ಸುಲಭಕ್ಕೆ ಬಿಡುವುದಿಲ್ಲ.