ಶುಗರ್ ಮೀಟರ್ ಹಾಗೆ ನೀರಿನ ಬ್ಯಾಕ್ಟೀರಿಯಾಕ್ಕೂ ಒಂದು ಮೀಟರ್ ಯಾಕಿಲ್ಲ?

ಪ್ರಶ್ನೆ: ಒಂದು ಹನಿ ರಕ್ತ ಹಾಕಿದರೆ ಕೆಲವೇ ಸೆಕೆಂಡಿನಲ್ಲಿ ಶುಗರ್ ಎಷ್ಟಿದೆ ಅಂತ ಗೊತ್ತಾಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಇದೆಯಾ ಅಂತ ತಿಳಿಯೋಕೆ ಮಾತ್ರ ಲ್ಯಾಬಿಗೆ ಕೊಟ್ಟು ಕಾಯಬೇಕು. ಯಾಕೆ ಹೀಗೆ?

ಉತ್ತರ: ಕಷ್ಟವೆಲ್ಲ ಇರುವುದು ಎಣಿಕೆಯಲ್ಲಿ. ಒಂದು ಹನಿ ರಕ್ತದಲ್ಲಿ ಗ್ಲೂಕೋಸ್ ಅಣುಗಳು ಕೋಟಿ ಕೋಟಿ ಇರುತ್ತವೆ. ಕುಡಿಯುವ ನೀರಿಗೆ ನಮ್ಮ ಐಎಸ್ 10500 ಮಾನದಂಡ ಹೇಳುವುದೇ ಬೇರೆ: 100 ಮಿಲಿಲೀಟರ್‌ನಲ್ಲಿ ಒಂದು ಇ. ಕೋಲಿಯೂ ಸಿಗಬಾರದು. ಶುಗರ್ ಮೀಟರಿನ ಪಟ್ಟಿ ಹೀರುವುದು ಹೆಚ್ಚೂಕಡಿಮೆ ಒಂದು ಮೈಕ್ರೋಲೀಟರ್, ಅಂದರೆ ಒಂದು ಮಿಲಿಲೀಟರ್‌ನ ಸಾವಿರದಲ್ಲೊಂದು ಪಾಲು. 100 ಮಿಲಿಯಲ್ಲಿ ಅಂಥ ಹನಿಗಳು ಒಂದು ಲಕ್ಷ! ಇರುವ ಒಂದೇ ಬ್ಯಾಕ್ಟೀರಿಯಾ ನೀವು ಹಾಕಿದ ಹನಿಯಲ್ಲೇ ಇರಬೇಕಲ್ವಾ?

ಹಾಗಂತ ವಿಜ್ಞಾನಿಗಳು ಸುಮ್ನೆ ಕೂತಿಲ್ಲ. ಪಾಲಿಅನಿಲಿನ್, ಪಾಲಿಪಿರೋಲ್ ಎಂಬ ಪಾಲಿಮರ್‌ಗಳಲ್ಲಿ (ಪ್ಲಾಸ್ಟಿಕ್ಕಿನಂಥ ವಸ್ತುಗಳಲ್ಲಿ) ಕರೆಂಟ್ ಹರಿಯುತ್ತದೆ. ಇಂಥ ಪಾಲಿಮರ್‌ಗಳ ಶೋಧಕ್ಕೇ 2000ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿದ್ದು. ಎಲೆಕ್ಟ್ರೋಡ್ ಮೇಲೆ ಇವನ್ನು ತೆಳ್ಳಗೆ ಲೇಪಿಸಿ, ಇ. ಕೋಲಿಯನ್ನು ಹಿಡಿಯುವ ಪ್ರತಿಕಾಯಗಳನ್ನು (ಆ್ಯಂಟಿಬಾಡಿ ಎಂಬ ಪ್ರೋಟೀನುಗಳನ್ನು) ಅದಕ್ಕೆ ಅಂಟಿಸುತ್ತಾರೆ. ಸುಮಾರು ಎರಡು ಮೈಕ್ರೋಮೀಟರ್ ಉದ್ದದ ಬ್ಯಾಕ್ಟೀರಿಯಾ ಬಂದು ಕೂತರೆ ಕರೆಂಟಿನ ದಾರಿಗೆ ಅಡ್ಡಿ. ತಡೆ ಎಷ್ಟು ಏರಿತು ಅನ್ನುವುದನ್ನು ಮೀಟರ್ ಅಳೆಯುತ್ತದೆ. ಇನ್ನೊಂದು ಉಪಾಯವೂ ಇದೆ, ನನಗೆ ಇದೇ ಜಾಸ್ತಿ ಇಷ್ಟ: ಬ್ಯಾಕ್ಟೀರಿಯಾವನ್ನು ಸೇರಿಸಿಯೇ ಪಾಲಿಮರ್ ಬೆಳೆಸಿ, ಆಮೇಲೆ ಅದನ್ನು ತೊಳೆದು ತೆಗೆಯುವುದು. ಹಸಿ ಸಿಮೆಂಟಿನ ಮೇಲೆ ನಾಯಿ ಹೆಜ್ಜೆ ಉಳಿದ ಹಾಗೆ ಅಲ್ಲಿ ಅದರ ಆಕಾರದ ಗುಳಿ ಉಳಿಯುತ್ತದೆ. ಅಂಥದೇ ಇನ್ನೊಂದು ಬಂದರೆ ಅಲ್ಲಿ ಕೂರುತ್ತದೆ.

ಲ್ಯಾಬಿನ ಶುದ್ಧ ದ್ರಾವಣದಲ್ಲಿ ಇದೆಲ್ಲ ಚೆನ್ನಾಗಿ ನಡೆಯುತ್ತದೆ. ಹಾಲಿನಲ್ಲಿ ಪರೀಕ್ಷಿಸಿದರೆ ಕೊಬ್ಬು, ಪ್ರೋಟೀನು ಬಂದು ಮೆತ್ತಿಕೊಂಡು ಮೀಟರ್ ಮೋಸ ಹೋಗಬಹುದು. ಪಾಲಿಅನಿಲಿನ್‌ಗೆ ಆಮ್ಲೀಯ ವಾತಾವರಣ ಬೇಕು. ಮಾಮೂಲಿ ನೀರಿನಲ್ಲಿ ಅದರ ವಾಹಕತೆ ಕುಸಿಯುತ್ತದೆ. ಇನ್ನು ಕ್ಲೋರಿನ್‌ಗೆ ಸತ್ತ ಬ್ಯಾಕ್ಟೀರಿಯಾವೂ ಪ್ರತಿಕಾಯಕ್ಕೆ ಅಂಟಬಹುದು. ಸತ್ತದ್ದು ಯಾವುದು, ಬದುಕಿದ್ದು ಯಾವುದು ಅಂತ ಮೀಟರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಎಷ್ಟೋ ಸಲ ನೀರನ್ನು ಸೋಸಿ, ಸಿಕ್ಕಿದ್ದನ್ನು ಕೆಲವು ಗಂಟೆ ಬೆಳೆಸಿ, ಆಮೇಲೆ ಸೆನ್ಸರ್‌ಗೆ ಕೊಡುತ್ತಾರೆ.

ಸದ್ಯಕ್ಕೆ ಮನೆಯಲ್ಲೇ ನೋಡಬೇಕೆಂದರೆ ಎಚ್‌ಟುಎಸ್ ಬಾಟಲಿ ಇದೆ: ಕೊಳಚೆಯ ಬ್ಯಾಕ್ಟೀರಿಯಾ ಬಿಡುವ ಹೈಡ್ರೋಜನ್ ಸಲ್ಫೈಡ್ (ಎಚ್‌ಟುಎಸ್) ಅನಿಲದಿಂದ ಅದರೊಳಗಿನ ನೀರು ಕಪ್ಪಾಗುತ್ತದೆ. 1982ರಲ್ಲಿ ನಮ್ಮ ದೇಶದವರೇ ಪ್ರಕಟಿಸಿದ ವಿಧಾನ ಇದು. ನೀರು ತುಂಬಿ ಒಂದೆರಡು ದಿನ ಬಿಡಿ. ಕಪ್ಪಾದರೆ ಕೊಳಚೆ ಸೇರಿರುವ ಸಾಧ್ಯತೆ ಹೆಚ್ಚು. ಚೆನ್ನಾಗಿ ಕುದಿಸದೆ ಕುಡಿಯಬೇಡಿ. ಕಪ್ಪಾಗದಿದ್ದರೂ ಪೂರ್ತಿ ನಂಬಬೇಡಿ, ಮಳೆಗಾಲದಲ್ಲಿ ಇನ್ನೊಮ್ಮೆ ನೋಡಿ.