ಶೇಕಡಾ ಏರಿತು, ಸರಾಸರಿ ಏರಲಿಲ್ಲ: ಪಾಸಿನ ಗೆರೆಯೂ ಶಿಕ್ಷಕರ ಸಮಯವೂ

ಅಮೆರಿಕದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆಯ (2002) ನಿಯಮಗಳು ಸರಳವಾಗಿದ್ದವು. 3ರಿಂದ 8ನೇ ತರಗತಿವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆ. 2014ರ ಹೊತ್ತಿಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು. ಕೇಂದ್ರದ ಟೈಟಲ್ 1 ಅನುದಾನದ (ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೊಡುವ ಹಣ) ಶಾಲೆ ಸತತ ಎರಡು ವರ್ಷ ಗುರಿ ತಪ್ಪಿದರೆ ಕ್ರಮ ಶುರು. ತಪ್ಪುತ್ತಲೇ ಹೋದರೆ ಸಿಬ್ಬಂದಿಯನ್ನೇ ಬದಲಿಸಬಹುದಿತ್ತು.

ಎಡವುವ ಜಾಗ ಮುಂದಿದೆ. ಈ ಕಾಯ್ದೆಯ ಕಾಲದಲ್ಲಿ ಶಾಲೆಗಳ ಪಾಠದ ರೀತಿಯೇ ಬದಲಾಯಿತು. ಯಾಕೆ ಎಂದು ಕೇಳಿದರೆ 'ಒತ್ತಡದಿಂದ' ಎನ್ನುತ್ತೇವೆ. ಅದು ಅರ್ಧ ಉತ್ತರ. ಶಾಲೆಯನ್ನು ಅಳೆದದ್ದು ಸರಾಸರಿಯಿಂದಲ್ಲ, ಪಾಸಿನ ಗೆರೆ ದಾಟಿದವರ ಶೇಕಡಾದಿಂದ. ಲೆಕ್ಕ ಹಾಕಿಯೇ ನೋಡಬೇಕು.

ತರಗತಿಯಲ್ಲಿ 30 ಮಕ್ಕಳು, ಗೆರೆ 60 ಅಂಕ ಎಂದುಕೊಳ್ಳಿ. ದಾಟಿದವರು 18, ಅಂದರೆ ಶೇ 60. ಗುರಿ ಶೇ 70, ಅಂದರೆ 21 ಮಕ್ಕಳು.

ದಾರಿ ಒಂದು: 56, 57, 58 ಅಂಕದ ಮೂವರನ್ನು 60ಕ್ಕೆ ತಂದರೆ ಸಾಕು. ಒಟ್ಟು ಏರಿಕೆ 4+3+2 = 9 ಅಂಕ. ತರಗತಿಯ ಸರಾಸರಿ ಏರಿದ್ದು 0.3 ಮಾತ್ರ. ಗುರಿ ಮುಟ್ಟಿತು.

ದಾರಿ ಎರಡು: 20 ಅಂಕದ ನಾಲ್ವರನ್ನು 45ಕ್ಕೆ ಎತ್ತಿದರೆ ಏರಿಕೆ 100 ಅಂಕ, ಸರಾಸರಿಯಲ್ಲಿ 3.3. ಶೇಕಡಾ? ಇದ್ದಲ್ಲೇ ಇದೆ!

ಎರಡನೆಯದು ಎಷ್ಟೋ ಪಟ್ಟು ದೊಡ್ಡ ಬೋಧನೆ, ಆದರೆ ಲೆಕ್ಕದಲ್ಲಿ ಸೊನ್ನೆ. ಹಾಗಾಗಿ ಸಮಯವೆಲ್ಲ ಗೆರೆಯ ಅಂಚಿನ ಮಕ್ಕಳ ಕಡೆ ಹರಿಯುತ್ತದೆ. ಅಮೆರಿಕದಲ್ಲಿ ಇವರನ್ನು 'ಬಬಲ್ ಕಿಡ್ಸ್' ಎನ್ನುತ್ತಾರೆ. ತೀರ ಹಿಂದಿರುವವರೂ 90 ದಾಟಿದವರೂ ಕೈಬಿಟ್ಟುಹೋಗುತ್ತಾರೆ. ಶಿಕ್ಷಕರು ಕಲ್ಲೆದೆಯವರೆಂದಲ್ಲ, ಅಳತೆಗೋಲೇ ಹಾಗಿದೆ.

ಇನ್ನುಳಿದದ್ದು ಚುಟುಕಾಗಿ. ಪರೀಕ್ಷೆಯಿಲ್ಲದ ಚಿತ್ರಕಲೆ, ಸಂಗೀತ, ಸಮಾಜದ ಪೀರಿಯಡ್‌ಗಳು ಸವೆದವು. ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ ಮಕ್ಕಳ ಉತ್ತರಪತ್ರಿಕೆಗಳಲ್ಲಿ ತಪ್ಪು ಉತ್ತರ ಅಳಿಸಿ ಸರಿ ಉತ್ತರ ತುಂಬಿದ ಗುರುತುಗಳು ಅಸಹಜವಾಗಿ ಹೆಚ್ಚಿದ್ದವು. 2011ರ ರಾಜ್ಯ ತನಿಖಾ ವರದಿ 44 ಶಾಲೆಗಳ 178 ಶಿಕ್ಷಕರು ಮತ್ತು ಮುಖ್ಯಸ್ಥರನ್ನು ಈ ವಂಚನೆಯಲ್ಲಿ ಹೆಸರಿಸಿತು. ಕಾಯ್ದೆಯನ್ನು 2015ರಲ್ಲಿ ಬದಲಿಸಲಾಯಿತು.

ನಮ್ಮ ಎಸ್ಸೆಸ್ಸೆಲ್ಸಿಯ 'ಪಾಸಿಂಗ್ ಪ್ಯಾಕೇಜ್' ಕೂಡ ಗೆರೆಯ ಲೆಕ್ಕದಿಂದಲೇ ಹುಟ್ಟಿದ್ದು: ನಕ್ಷೆ ಗುರುತಿಸು, ಪದ್ಯ ಪೂರ್ಣಗೊಳಿಸು, ಪತ್ರ ಬರೆ, ಚಿತ್ರ ಬಿಡಿಸು, ಖಚಿತ ಅಂಕದ ಪ್ರಶ್ನೆಗಳನ್ನಷ್ಟೇ ಮತ್ತೆ ಮತ್ತೆ ಮಾಡಿಸುವುದು. ಯಾವುದೇ ಶಾಲೆಯ ಫಲಿತಾಂಶದ ಪಟ್ಟಿ ಕೈಗೆ ಬಂದರೆ ಇನ್ನೆರಡು ಕಾಲಂ ಸೇರಿಸಿ ನೋಡಿ: ತರಗತಿಯ ಸರಾಸರಿ, ಮತ್ತು ಕೆಳಗಿನ ಕಾಲುಭಾಗದ ಮಕ್ಕಳ ಸರಾಸರಿ.