ಆಡು ಮರಿ ಹಾಕುವ ರಾತ್ರಿ ಕೈ ಎಲ್ಲಿರಬೇಕು?

ರಾತ್ರಿ ಹತ್ತೂವರೆಗೆ ವಾಟ್ಸಾಪ್‌ಗೆ ಒಂದು ವಿಡಿಯೊ ಬರುತ್ತದೆ. ಟಾರ್ಚ್ ಬೆಳಕು, ಹಿಂದೆ ಹಂಚಿನ ಮೇಲೆ ಮಳೆ ಸದ್ದು, ನಡುವೆ ಒಂದು ಆಡಿನ ಬಾಲ. "ಡಾಕ್ಟ್ರೇ, ಇವತ್ತು ಹಾಕತ್ತಾ?" ತೀರ್ಥಹಳ್ಳಿ, ಹೊಸನಗರದ ಕಡೆ ದನ, ಆಡು ನೋಡಿಕೊಂಡಿರುವ ನನಗೆ ಇಂಥ ಬಾಲಗಳು ಎಷ್ಟು ಬಂದಿವೆಯೋ ಲೆಕ್ಕವಿಲ್ಲ. ವಿಡಿಯೊ ನೋಡಿ ಹೇಳಲು ನಾನೇನು ಜ್ಯೋತಿಷಿ ಅಲ್ಲ. ಆದರೆ ಬಾಲದ ಬುಡ ಮುಟ್ಟಿ ನೋಡಿದರೆ ನೀವೇ ಹೇಳಬಹುದು.

ಹೆಬ್ಬೆರಳು, ತೋರುಬೆರಳು ಅಗಲಿಸಿ ಬೆನ್ನುಮೂಳೆಯ ಎರಡೂ ಪಕ್ಕ ಇಟ್ಟು ಬಾಲದ ಕಡೆಗೆ ಜಾರಿಸಿ. ಪೆನ್ಸಿಲ್ ದಪ್ಪದ ಎರಡು ಗಟ್ಟಿ ಹುರಿ ಸಿಗುತ್ತವೆ. ದಿನ ಹತ್ತಿರ ಬಂದಂತೆ ಅವು ಮೆತ್ತಗಾಗುತ್ತವೆ. ಒಂದು ದಿನ ಹುಡುಕಿದರೂ ಸಿಗುವುದಿಲ್ಲ, ಬಾಲದ ಬುಡ ಗುಳಿ ಬಿದ್ದ ಹಾಗೆ ಕಾಣುತ್ತದೆ. ಸಾಮಾನ್ಯವಾಗಿ ಅಲ್ಲಿಂದ ಒಂದು ದಿನದೊಳಗೆ ಮರಿ. ಇದನ್ನು ಕಲಿಯಬೇಕಾದರೆ ಹದಿನೈದು ದಿನ ಮೊದಲಿಂದಲೇ ದಿನಾ ಮುಟ್ಟಬೇಕು. ಗಟ್ಟಿ ಇದ್ದಾಗ ಹೇಗಿತ್ತು ಅಂತ ಗೊತ್ತಿಲ್ಲದವರಿಗೆ ಸಡಿಲಾದದ್ದು ಹೇಗೆ ಗೊತ್ತಾಗಬೇಕು?

ಕೆಚ್ಚಲನ್ನು ಮಾತ್ರ ನಂಬಿ ಕೂರಬೇಡಿ. ಕೆಲವಕ್ಕೆ ಮೂರು ವಾರ ಮೊದಲೇ ತುಂಬುತ್ತದೆ, ಕೆಲವಕ್ಕೆ ಮರಿ ನೆಲಕ್ಕೆ ಬಿದ್ದ ಮೇಲೆ.

ಇನ್ನು ತಾರೀಕು. ಆಡಿನ ಗಬ್ಬ ಸುಮಾರು 150 ದಿನ, ಐದು ದಿನ ಆಚೀಚೆ. ಹೋತ ಹಾರಿದ ದಿನ ಬರೆದಿಡಿ ಅಂದರೆ ಯಾರೂ ಬರೆದಿಡುವುದಿಲ್ಲ. ಅದಕ್ಕೇ ನಾನು ಹಬ್ಬದ ಲೆಕ್ಕ ಹೇಳುತ್ತೇನೆ. ಬಲಿಪಾಡ್ಯಮಿಯಿಂದ ಯುಗಾದಿಗೆ ಸರಿಯಾಗಿ ಐದು ಚಾಂದ್ರಮಾಸ, ಅಂದರೆ 148 ದಿನ. ಗೋಪೂಜೆ ಗಡಿಬಿಡಿಯಲ್ಲಿ ಹೋತ ಹಗ್ಗ ಬಿಚ್ಚಿಕೊಂಡು ಹೋಗಿ ಕೆಲಸ ಮುಗಿಸಿದ್ದರೆ ಬೇವು-ಬೆಲ್ಲದ ಹೊತ್ತಿಗೆ ಕೊಟ್ಟಿಗೆಯಲ್ಲಿ ಮರಿ. ಶಿವರಾತ್ರಿ ಹೊತ್ತಿಗೆ ಕೂಡಿದ್ದು ಆಷಾಢದ ಕೊನೆಗೋ ಶ್ರಾವಣದಲ್ಲೋ ಹಾಕುತ್ತದೆ. ನಮ್ಮ ಕಡೆ ಆ ಹೊತ್ತಿನ ಮಳೆ ಗೊತ್ತಲ್ವಾ? ಒದ್ದೆ ನೆಲ, ಥಂಡಿ ಗಾಳಿ, ಒಣಗದ ಗೋಣಿಚೀಲ. ಮರಿಗಳು ನ್ಯುಮೋನಿಯಾದಲ್ಲಿ ಸಾಯುವುದು ಆಗಲೇ ಜಾಸ್ತಿ. ಶಿವರಾತ್ರಿ ಸುತ್ತಮುತ್ತ ಹೋತವನ್ನು ಕಟ್ಟಿಹಾಕುವುದು ಯಾವ ಇಂಜೆಕ್ಷನ್‌ಗಿಂತಲೂ ಅಗ್ಗ.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಮರಿ ಹಾಕುವ ದಿನ ಮಾತ್ರ ಹಲಸಿನ ಸೊಪ್ಪನ್ನೂ ಮೂಸಿ ಬಿಟ್ಟುಬಿಡುತ್ತದೆ. ಮೂಲೆಗೆ ಹೋಗುತ್ತದೆ, ಕಾಲಲ್ಲಿ ನೆಲ ಕೆರೆಯುತ್ತದೆ, ಮಲಗುತ್ತದೆ, ಏಳುತ್ತದೆ, ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತದೆ. ಸಣ್ಣಗೆ ಗುಂಯ್ ಅನ್ನುವ ಹಾಗೆ ಮಾತಾಡುತ್ತದೆ, ಮರಿ ಇನ್ನೂ ಹೊಟ್ಟೆಯಲ್ಲೇ ಇದ್ದರೂ. ಈ ಹಂತವೇ 6ರಿಂದ 12 ಗಂಟೆ ಹಿಡಿಯಬಹುದು, ಚೊಚ್ಚಲು ಸೂಲಾದರೆ ಇನ್ನೂ ಜಾಸ್ತಿ. ಒಳಗೆ ಗರ್ಭದ ಬಾಯಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ನಮಗೆ ಸಹಿಸಲಾಗದ್ದು ಈ ಏನೂ ಕಾಣದ ಹೊತ್ತು. ಎಣ್ಣೆ ಕುಡಿಸುವುದು, ಹೊಟ್ಟೆ ಒತ್ತುವುದು, ಕೈ ಹಾಕಿ ನೋಡುವುದು, ಎಲ್ಲಾ ಶುರುವಾಗುವುದು ಇಲ್ಲೇ. ಬಾಯಿ ಬಿಚ್ಚದೆ ಇರುವಾಗ ಕೈ ಹಾಕಿದರೆ ಹರಿಯುತ್ತದೆ, ಅಷ್ಟೆ. ಈ ಹೊತ್ತಿನಲ್ಲಿ ಕೈ ಕಂಬಳಿಯೊಳಗೆ ಇರಲಿ. ಹತ್ತಿರ ಕೂರುವುದೂ ಬೇಡ, ಹತ್ತಡಿ ದೂರ ಸಾಕು.

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನನ್ನದೇ ಒಂದು ಕಥೆ ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ. ಹೊಳೆಯಾಚೆಯ ಒಂದು ಮನೆ. ಆಡು ತಿಣುಕುತ್ತಿತ್ತು, ಎರಡು ಕಾಲು ಹೊರಗೆ ಕಾಣುತ್ತಿದ್ದವು. ಸುತ್ತ ಏಳೆಂಟು ಜನ. ಅಷ್ಟು ಜನ ನೋಡುವಾಗ ಡಾಕ್ಟರು ಸುಮ್ನೆ ಕೂರುವುದು ಹೇಗೆ? ಎರಡೂ ಕಾಲು ಹಿಡಿದು ಎಳೆದೆ. ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಆಮೇಲೆ ಕೈ ಹಾಕಿ ತಡವಿದರೆ ಒಂದು ಕಾಲು ಒಂದು ಮರಿಯದು, ಇನ್ನೊಂದು ಅದರ ಜೋಡಿಯದು. ಎರಡನ್ನೂ ಒಟ್ಟಿಗೆ ಒಂದೇ ಬಾಗಿಲಲ್ಲಿ ಎಳೆಯುತ್ತಿದ್ದೆ. ಒಂದನ್ನು ಹಿಂದಕ್ಕೆ ತಳ್ಳಿ ಇನ್ನೊಂದನ್ನು ತೆಗೆಯುವ ಹೊತ್ತಿಗೆ ಒಂದು ಸತ್ತಿತ್ತು. ಮನೆಯವರು ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಈಗ ನಾನು ಮೊದಲು ನೋಡುವುದು ಗಡಿಯಾರ. ಆಡು ಸುಮ್ನೆ ಓಡಾಡುತ್ತಿರುವಾಗ ಅದು ಬೇಡ. ಜೋರು ತಿಣುಕು ಶುರುವಾದ ಕೂಡಲೇ ಸಮಯ ನೋಡಿಟ್ಟುಕೊಳ್ಳಬೇಕು. ಅರ್ಧ ಗಂಟೆ ಚೆನ್ನಾಗಿ ತಿಣುಕಿಯೂ ಏನೂ ಮುಂದುವರಿಯದಿದ್ದರೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ. ಸರಿಯಾಗಿ ಬರುವ ಮರಿ ಹೇಗಿರುತ್ತದೆ ಅಂದರೆ, ಮೊದಲು ನೀರಿನ ಚೀಲ, ಆಮೇಲೆ ಎರಡು ಮುಂಗಾಲು, ಅವುಗಳ ಮೇಲೆ ಮೂತಿ. ಈಜಲು ಹೊಳೆಗೆ ಧುಮುಕುವ ಹುಡುಗನ ಹಾಗೆ. ಮುಂಗಾಲಿದ್ದು ಮೂತಿ ಇಲ್ಲದಿದ್ದರೆ, ಮೂತಿ ಇದ್ದು ಕಾಲಿಲ್ಲದಿದ್ದರೆ, ಬರೀ ಬಾಲ ಕಂಡರೆ, ಅರ್ಧ ಗಂಟೆಯೂ ಕಾಯುವುದು ಬೇಡ.

ಹೊರಗೆ ಕಂಡ ಕಾಲು ಮುಂದಿನದೋ ಹಿಂದಿನದೋ? ಗೊರಸಿನಿಂದ ಮೇಲಕ್ಕೆ ಮೊದಲ ಎರಡು ಗಂಟು ಮಡಚಿ ನೋಡಿ. ಎರಡೂ ಒಂದೇ ಕಡೆ ಮಡಚಿದರೆ ಮುಂಗಾಲು. ಒಂದು ಆಕಡೆ ಒಂದು ಈಕಡೆ ಆದರೆ ಹಿಂಗಾಲು. ಎರಡೂ ಹಿಂಗಾಲು ಮೊದಲು ಬಂದರೆ ಹೆದರಬೇಕಿಲ್ಲ, ಮರಿ ಹಾಗೂ ಹುಟ್ಟುತ್ತದೆ. ಆದರೆ ಸೊಂಟ ಹೊರಗೆ ಬಂದ ಮೇಲೆ ತಡ ಮಾಡುವ ಹಾಗಿಲ್ಲ. ಹೊಕ್ಕುಳ ಬಳ್ಳಿ ಒಳಗೆ ಅಮುಕಿಕೊಂಡಿರುತ್ತದೆ, ಮೂತಿ ಇನ್ನೂ ನೀರಲ್ಲೇ ಇರುತ್ತದೆ. ಆಗ ಎಳೆಯಬೇಕು, ಆಡು ತಿಣುಕಿದಾಗಲೇ, ಕೆಳಮುಖವಾಗಿ, ಅದರ ಹಿಂಗಾಲಿನ ಕಡೆಗೆ. ಕೈ ಎಲ್ಲಿಡಬೇಕು ಅನ್ನುವುದಕ್ಕೆ ಸಿಗುವ ಕೆಲವೇ ನಿಮಿಷ ಇವು.

ಮರಿ ಬಿದ್ದ ಮೇಲೆ ಮೂಗು, ಬಾಯಿಯ ಲೋಳೆ ಒರೆಸಿ. ಉಸಿರೆತ್ತದಿದ್ದರೆ ಒಂದು ಹುಲ್ಲುಕಡ್ಡಿ ಮೂಗಿನೊಳಗೆ ಆಡಿಸಿ, ಸೀನು ಬಂದರೆ ಉಸಿರೂ ಬಂತು. ತಾಯಿಯ ಮುಂದೆ ಇಡಿ, ನೆಕ್ಕಲಿ. ಹೊಕ್ಕುಳ ಬಳ್ಳಿಯನ್ನು 7 ಶೇಕಡಾ ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಿ. ಇಷ್ಟು ಎಲ್ಲರೂ ಮಾಡುತ್ತಾರೆ. ಎಡವುವುದು ಗಿಣ್ಣು ಹಾಲಿನಲ್ಲಿ. "ಕಸ ಬಿದ್ದ ಮೇಲೆ ಕುಡಿಸಬೇಕು" (ಕಸ ಅಂದರೆ ಮಾಸು) ಅನ್ನುವ ಅಜ್ಜಿಯರು ಈಗಲೂ ಇದ್ದಾರೆ, ಅವರ ಮಾತು ಕೇಳುವ ಎಂಬಿಎ ಮೊಮ್ಮಕ್ಕಳೂ ಇದ್ದಾರೆ. ಆಡಿನ ಮರಿಗೆ ತಾಯಿಯ ರಕ್ತದಿಂದ ರೋಗ ತಡೆಯುವ ಶಕ್ತಿ ಬರುವುದಿಲ್ಲ, ಎಲ್ಲಾ ಗಿಣ್ಣಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತಾ ಬಂದು ಒಂದು ದಿನದಲ್ಲಿ ಪೂರ್ತಿ ಮುಚ್ಚುತ್ತದೆ. ಒಂದೆರಡು ಗಂಟೆಯೊಳಗೆ ಮೊದಲ ಗುಟುಕು ಹೋಗಬೇಕು. ಎರಡು ಕೆಜಿ ಮರಿಗೆ ಮೊದಲ 24 ಗಂಟೆಯಲ್ಲಿ ಸುಮಾರು 200 ಮಿಲಿ, ನಾಲ್ಕೈದು ಸಲವಾಗಿ. ಕಸ 12 ಗಂಟೆಯೊಳಗೆ ತಾನಾಗಿಯೇ ಬೀಳುತ್ತದೆ. ಜೋತಾಡುತ್ತಿದೆ ಅಂತ ಕಲ್ಲು ಕಟ್ಟುವುದು, ಎಳೆಯುವುದು ಬೇಡ. 12 ಗಂಟೆ ದಾಟಿದರೆ ಡಾಕ್ಟರಿಗೆ ಹೇಳಿ.

ಮರಿಯ ಬಾಯಿಗೆ ಬೆರಳಿಟ್ಟು ನೋಡಿ. ಬಾಯಿ ತಣ್ಣಗಿದ್ದರೆ ಹಾಲು ಹಾಕಬೇಡಿ, ಮೊದಲು ಬೆಚ್ಚಗೆ ಮಾಡಿ. ಮಲೆನಾಡಿನ ಮನೆಗೆ ಇದಕ್ಕೆ ಯಂತ್ರ ಬೇಡ, ಬಚ್ಚಲೊಲೆ ಇದೆ. ಅಡಿಕೆ ಸಿಪ್ಪೆಯ ಕೆಂಡದ ಮುಂದೆ ಟವಲ್ ಸುತ್ತಿ ಅರ್ಧ ಗಂಟೆ ಇಟ್ಟರೆ ಸತ್ತೇ ಹೋಯಿತು ಅಂದುಕೊಂಡದ್ದು ತಲೆ ಎತ್ತಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಹೊಗೆ ಮಾತ್ರ ಮೂಗಿಗೆ ಹೋಗಬಾರದು.

ಹಾಸಿಗೆ ಬಗ್ಗೆ ಒಂದು ಮಾತು. ಅಡಿಕೆ ದಬ್ಬೆಯ ಅಟ್ಟದ ಮೇಲೆ ಮರಿ ಹಾಕಿಸಬೇಡಿ, ಸಂದಿಯಲ್ಲಿ ಕಾಲು ಸಿಕ್ಕಿ ಮುರಿಯುತ್ತದೆ. ಕೆಳಗೆ ಇಳಿಸಿ, ಭತ್ತದ ಹುಲ್ಲು ಹಾಸಿ. ಕಾಡಿನ ದರಗು, ಅಂದರೆ ಉದುರಿದ ಒಣ ಎಲೆ, ಬೇಡ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಮರಿ ಉಣುಗು ಒಣ ಎಲೆಯಲ್ಲಿ ಜಾಸ್ತಿ ಇರುವುದು ಮಳೆ ನಿಂತಲ್ಲಿಂದ ಮುಂದಿನ ಮಳೆಯವರೆಗೆ. ಯುಗಾದಿ ಮರಿಗಳು ಹುಟ್ಟುವುದೂ ಅದರ ನಡುವೆಯೇ. ಆ ದರಗಿನ ಮೇಲೆ ರಾತ್ರಿಯಿಡೀ ಕೂರುವವರು ನೀವು.

ಗ್ಲೌಸ್ ಹಾಕಿಕೊಳ್ಳಿ. ಕಂದು ಹಾಕಿದ, ಅಂದರೆ ದಿನ ತುಂಬುವ ಮೊದಲೇ ಗಬ್ಬ ಹೋದ ಆಡಾದರಂತೂ ಬರಿಗೈಯಲ್ಲಿ ಮುಟ್ಟಲೇಬೇಡಿ, ಬಸುರಿ ಹೆಂಗಸರು ಆ ಕಡೆ ಹೋಗುವುದೇ ಬೇಡ. ಆಡಿನಿಂದ ಮನುಷ್ಯರಿಗೆ ದಾಟುವ ಸೋಂಕುಗಳು ಅಲ್ಲಿರುತ್ತವೆ.

ಕೈ ತೊಳೆದುಕೊಂಡು ಏಳುವ ಮೊದಲು ಆಡಿನ ಹಿಂದೆ ನಿಂತು, ಹೊಟ್ಟೆ ಕೆಳಗೆ ಎರಡೂ ಕೈ ಕೊಟ್ಟು, ಮೆಲ್ಲಗೆ ಒಂದು ಸಲ ಎತ್ತಿ ಬಿಡಿ. ಖಾಲಿ ಹೊಟ್ಟೆ ಮೆತ್ತಗಿರುತ್ತದೆ. ಒಳಗೆ ಇನ್ನೊಂದಿದ್ದರೆ ಗಟ್ಟಿಯಾಗಿ ಕೈಗೆ ತಾಕುತ್ತದೆ. ಕಳೆದ ಮಳೆಗಾಲದಲ್ಲಿ ಒಂದು ಮನೆಯಲ್ಲಿ ಎರಡು ಮರಿ ಆಯಿತು ಅಂತ ಎಲ್ಲರೂ ಒಳಗೆ ಹೋಗಿ ಕಾಫಿಗೆ ಕೂತೆವು. ನಾನೂ ಎತ್ತಿ ನೋಡಿರಲಿಲ್ಲ, ನಿದ್ದೆಗಣ್ಣು. ಲೋಟ ಅರ್ಧ ಆಗಿತ್ತು. ಕೊಟ್ಟಿಗೆ ಕಡೆಯಿಂದ ಮೂರನೆಯ ದನಿ ಕೇಳಿತು.